ಒಂದೇ ಬಾಗಿಲು, ಹಲವು ಒಕ್ಕಲು

ಕಂಪ್ಯೂಟರಿನ ಮುಖವನ್ನು ಎಲ್ಲರೂ ನೋಡುತ್ತಾರೆ, ಬೆನ್ನನ್ನು ನೋಡುವವರು ಕಡಿಮೆ. ಒಮ್ಮೆ ನೋಡಿ. ಪರದೆಯ ತಂತಿ, ಕೀಲಿಮಣೆಯ ತಂತಿ, ವಿದ್ಯುತ್ತಿನ ತಂತಿ, ಇವುಗಳ ನಡುವೆ ಟೆಲಿಫೋನಿನ ಪಿನ್ನಿಗಿಂತ ತುಸು ಅಗಲವಾದ ಒಂದು ಗೂಡು ಇರುತ್ತದೆ. ಅದರ ಮಗ್ಗುಲಲ್ಲಿ ಪುಟ್ಟ ದೀಪವೊಂದು ಮಿಣುಕುತ್ತಿರುತ್ತದೆ. ಅದೇ ನೆಟ್‌ವರ್ಕ್ ಕಾರ್ಡಿನ ಬಾಯಿ. ತಂತಿಯಿಲ್ಲದ ವೈಫೈ ಆದರೂ ಒಳಗೆ ಇಂಥದೇ ಒಂದು ಕಾರ್ಡು ಇದ್ದೇ ಇರುತ್ತದೆ. ಹೊರಜಗತ್ತಿಗೆ ಆ ಯಂತ್ರದಿಂದ ಇರುವ ದಾರಿ ಸಾಮಾನ್ಯವಾಗಿ ಅದೊಂದೇ.

ಹತ್ತನೆಯ ತರಗತಿಯ ಹುಡುಗನೊಬ್ಬ ಈಚೆಗೆ ಕೇಳಿದ: “ಸಾರ್, ಒಳಗಡೆ ಹತ್ತಾರು ಕೆಲಸ ಒಟ್ಟಿಗೆ ನಡೀತಿರುತ್ತೆ. ಎಲ್ಲಕ್ಕೂ ನೆಟ್ ಬೇಕು. ತೂತು ಮಾತ್ರ ಒಂದೇ. ಬಂದದ್ದು ಯಾರದ್ದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?”

ಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು. ಪ್ರತಿಯೊಂದು ತಂತ್ರಾಂಶಕ್ಕೂ ಒಂದು ಪೋರ್ಟ್ ಸಂಖ್ಯೆ ಇರುತ್ತದೆ, ಅದನ್ನು ನೋಡಿ ಹಂಚುತ್ತಾರೆ. ಅದು ನಿಜವೇ. ಆದರೆ ಅದು ಮಹಡಿಯ ಮೇಲಿನ ಕಥೆ. ಪೋರ್ಟ್ ಸಂಖ್ಯೆ ನೋಡುವ ಹಂತ ಬರುವ ಹೊತ್ತಿಗೆ ಕೆಳಗಿನ ಅಂತಸ್ತಿನಲ್ಲಿ ದೊಡ್ಡ ಪಂಚಾಯ್ತಿಯೇ ನಡೆದು ಮುಗಿದಿರುತ್ತದೆ. ಆ ಕೆಳಗಿನ ಅಂತಸ್ತಿನ ಹೆಸರು ಕರ್ನಲ್. ಕಾಳಿನ ತಿರುಳು ಎಂದು ಆ ಪದದ ಅರ್ಥ. ಆಪರೇಟಿಂಗ್ ಸಿಸ್ಟಂನ ತೀರ ಒಳಗಿದ್ದು, ಯಂತ್ರದ ಭಾಗಗಳನ್ನು ನೇರವಾಗಿ ಮುಟ್ಟುವ ಹಕ್ಕುಳ್ಳ ಭಾಗ ಅದು. ಆ ತಿರುಳಿನೊಳಗೇ ನೆಟ್‌ವರ್ಕ್ ಕಾರ್ಡು ತನಗೆ ಬೇಕೆನ್ನುವವರು ಅನೇಕರಿದ್ದಾರೆ. ಅವರ ಪಾಲುದಾರಿಕೆ ಹೇಗೆ ನಡೆಯುತ್ತದೆ ಎನ್ನುವುದು ಈ ವಾರದ ವಿಷಯ.

ಬಾಪೂಜಿನಗರ, ಹೊಸಹಳ್ಳಿ, ವಿಜಯನಗರದ ಹಳೆಯ ಬೀದಿಗಳಲ್ಲಿ ಓಡಾಡಿದವರಿಗೆ ವಠಾರ ಏನೆಂದು ಹೇಳಬೇಕಾಗಿಲ್ಲ. ಬೀದಿಗೆ ಒಂದೇ ಬಾಗಿಲು, ಒಳಗೆ ಓಣಿ, ಓಣಿಯ ಎರಡು ಬದಿಗೂ ಆರೆಂಟು ಮನೆ. ನಲ್ಲಿ ಒಂದೇ, ಕಾಗದದ ಡಬ್ಬಿಯೂ ಒಂದೇ. ಅಂಚೆಯವನು ಒಳಗೆ ಬರುವುದಿಲ್ಲ. ಇಡೀ ವಠಾರದ ಕಾಗದಗಳನ್ನು ಒಟ್ಟಿಗೆ ಡಬ್ಬಿಯೊಳಗೆ ಹಾಕಿ ಸೈಕಲ್ ಗಂಟೆ ಬಾರಿಸಿ ಹೋಗುತ್ತಾನೆ. ಆಮೇಲಿನ ಹಂಚಿಕೆ ಒಳಗಿನವರ ಜವಾಬ್ದಾರಿ. ಒಬ್ಬರು ಡಬ್ಬಿ ತೆಗೆದು, ಮೇಲ್ವಿಳಾಸ ಓದಿ, ಮನೆಮನೆಗೆ ಕೊಟ್ಟರೆ ಸುಸೂತ್ರ. ಎಂಟು ಮನೆಯವರ ಹತ್ತಿರವೂ ಡಬ್ಬಿಯ ಬೀಗದ ಕೈ ಇದ್ದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಮೊದಲು ಬಂದವನು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತಾನೆ. ತನ್ನದಲ್ಲದ್ದನ್ನು ಮೂಲೆಗೆ ಎಸೆದರೂ ಎಸೆದ.

ಕಂಪ್ಯೂಟರಿನ ವಠಾರದಲ್ಲಿರುವ ಒಕ್ಕಲುಗಳು ಯಾರು ಯಾರು? ಮೊದಲನೆಯದು ನಾವೆಲ್ಲ ಬಳಸುವ ಇಂಟರ್‌ನೆಟ್ಟಿನ ಹಳೆಯ ಐಪಿ, ಅಂದರೆ ನಾಲ್ಕನೆಯ ಆವೃತ್ತಿ. ಎರಡನೆಯದು ಅದರ ಹೊಸ ಆರನೆಯ ಆವೃತ್ತಿ. ಮೂರನೆಯದು ‘ಈ ಐಪಿ ವಿಳಾಸದವರು ಯಾರಪ್ಪಾ, ಕೈ ಎತ್ತಿ’ ಎಂದು ಬೀದಿಯಲ್ಲಿ ಕೂಗಿ ಕೇಳುವ ಎಆರ್‌ಪಿ. ಇನ್ನೊಂದೆಡೆ ಇರುವ ಡಿಸ್ಕನ್ನು ಇಲ್ಲೇ ಇರುವಂತೆ ತೋರಿಸುವ ವ್ಯವಸ್ಥೆಯೊಂದು. ಬಂದುಹೋಗುವ ಎಲ್ಲವನ್ನೂ ಗಮನಿಸುವ ಕಾವಲುಗಾರ ತಂತ್ರಾಂಶವೊಂದು. ಕರ್ನಲ್ಲೇ ಕೆಟ್ಟಾಗ ಅದರ ರೋಗ ಪತ್ತೆ ಮಾಡುವ ಡಿಬಗರ್ ಒಂದು. ದೊಡ್ಡ ಯಂತ್ರವಾದರೆ, ಅದರೊಳಗೆ ಬಾಡಿಗೆಗಿರುವ ಪೂರ್ತಿ ಪೂರ್ತಿ ಬೇರೆ ಆಪರೇಟಿಂಗ್ ಸಿಸ್ಟಂಗಳು. ಇವರೆಲ್ಲರ ಸಾಮಾನ್ಯ ಗುಣವೆಂದರೆ, ಪ್ರತಿಯೊಬ್ಬರನ್ನೂ ಬರೆದವರು ‘ಕಾರ್ಡು ನಮ್ಮದು’ ಎಂದುಕೊಂಡೇ ಬರೆದಿರುವುದು.

ಹಂಚುವವನಿಗೆ ಸಿಗುವ ಗುರುತು ಏನು? 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಎಂಬ ಮೂರು ಕಂಪನಿಗಳು ಸೇರಿ ಈಥರ್‌ನೆಟ್‌ಗೆ ಒಂದು ಒಪ್ಪಿತ ರೂಪ ಕೊಟ್ಟವು. ಅದರ ಪ್ರಕಾರ ಪ್ರತಿಯೊಂದು ಪೊಟ್ಟಣದ ಮುಂದೆ 14 ಬೈಟ್‌ಗಳ ಮೇಲ್ವಿಳಾಸ. ಮೊದಲ 6 ಬೈಟ್ ಸೇರಬೇಕಾದ ಕಾರ್ಡಿನ ವಿಳಾಸ, ಮುಂದಿನ 6 ಬೈಟ್ ಕಳಿಸಿದ ಕಾರ್ಡಿನ ವಿಳಾಸ, ಕೊನೆಯ 2 ಬೈಟ್ ಒಳಗಿರುವುದು ಯಾವ ಬಗೆಯದೆಂದು ಹೇಳುವ ಸಂಖ್ಯೆ. ನಂತರ ಹೆಚ್ಚೆಂದರೆ 1,500 ಬೈಟ್ ಒಳಸರಕು. ಕೊನೆಯಲ್ಲಿ ದಾರಿಯಲ್ಲಿ ಕೆಟ್ಟಿದೆಯೇ ಎಂದು ಪರೀಕ್ಷಿಸಲು 4 ಬೈಟ್.

ಆ ಎರಡು ಬೈಟ್‌ಗಳ ಬಗೆಸಂಖ್ಯೆ ಇದೆಯಲ್ಲ, ಅದು ಸಣ್ಣದಾಗಿ ಕಂಡರೂ ಇಡೀ ಏರ್ಪಾಡಿನ ಕೀಲಕ. 0800 ಇದ್ದರೆ ಹಳೆಯ ಐಪಿಗೆ, 0806 ಇದ್ದರೆ ಎಆರ್‌ಪಿಗೆ, 86ಡಿಡಿ ಇದ್ದರೆ ಹೊಸ ಐಪಿಗೆ, 88ಎ2 ಇದ್ದರೆ ಈಥರ್‌ನೆಟ್ ಮೇಲೆಯೇ ಓಡಾಡುವ ಒಂದು ಬಗೆಯ ಡಿಸ್ಕ್ ವ್ಯವಸ್ಥೆಗೆ. (ನಡುವೆ ಎ, ಡಿ ಏಕೆ ಬಂತೆನ್ನುವವರಿಗೆ: ಇವು ಹದಿನಾರರ ಮೂಲದ ಸಂಖ್ಯೆಗಳು. ಒಂಬತ್ತರ ನಂತರ ಎ, ಬಿ, ಸಿ ಎಂದು ಎಣಿಸುತ್ತಾರೆ.) ವಠಾರಕ್ಕೆ ಬಂದ ಕಾಗದದ ಮೇಲೆ ‘ಎರಡನೇ ಮನೆ’ ಎಂದು ಬರೆದ ಹಾಗೆ.

ಇಷ್ಟು ಸರಳವಾದ ಗುರುತು ಇದ್ದರೂ ಮೊದಮೊದಲು ಹಂಚಿಕೆಯೇ ಇರಲಿಲ್ಲ. ಡಾಸ್ ಕಾಲದ ಪಿ.ಸಿ.ಗಳಲ್ಲಿ ಕಾರ್ಡನ್ನು ಯಾವ ತಂತ್ರಾಂಶ ಮೊದಲು ಹಿಡಿದುಕೊಂಡಿತೋ ಅದರದೇ ಯಜಮಾನಿಕೆ. ಕಚೇರಿಯ ಕಡತಗಳಿಗೆ ನಾವೆಲ್ ಕಂಪನಿಯ ನೆಟ್‌ವೇರ್ ಬೇಕು, ಹೊರಗಿನ ಯಂತ್ರದ ಜೊತೆ ಮಾತಾಡಲು ಟಿಸಿಪಿ-ಐಪಿ ಬೇಕು. ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಒಂದನ್ನು ಮುಗಿಸಿ, ಯಂತ್ರ ಆರಿಸಿ, ಮತ್ತೆ ಹಚ್ಚಿ, ಇನ್ನೊಂದನ್ನು ಏರಿಸಬೇಕು. ಇದಕ್ಕೆ ಪರಿಹಾರವಾಗಿ ಎಫ್‌ಟಿಪಿ ಸಾಫ್ಟ್‌ವೇರ್ ಎಂಬ ಕಂಪನಿ 1980ರ ದಶಕದ ನಡುವೆ ‘ಪ್ಯಾಕೆಟ್ ಡ್ರೈವರ್’ ಎಂಬ ಕರಾರನ್ನು ಪ್ರಕಟಿಸಿತು. ಕಾರ್ಡನ್ನು ಮುಟ್ಟುವವನು ಒಬ್ಬನೇ. ಮಿಕ್ಕವರು ಅವನ ಬಳಿ ಬಂದು ‘ನನಗೆ ಇಂಥ ಬಗೆಸಂಖ್ಯೆಯ ಪೊಟ್ಟಣ ಬಂದರೆ ಇಲ್ಲಿಗೆ ತಲುಪಿಸು’ ಎಂದು ಹೆಸರು ಬರೆಸಬೇಕು. 1989ರಲ್ಲಿ ಮೈಕ್ರೋಸಾಫ್ಟ್ ಮತ್ತು 3ಕಾಂ ಸೇರಿ ಎನ್‌ಡಿಐಎಸ್ ಎಂಬ ಇಂಥದೇ ಕರಾರು ಮಾಡಿದವು. ನಾವೆಲ್‌ನವರು ತಮ್ಮದೇ ಬೇರೆ ಮಾಡಿಕೊಂಡರು. ಡಬ್ಬಿಯ ಬೀಗದ ಕೈ ಒಬ್ಬರ ಕೈಗೆ ಬಂದದ್ದು ಹೀಗೆ.

ಬಗೆಸಂಖ್ಯೆಯಷ್ಟರಿಂದಲೇ ತೃಪ್ತರಾಗದ ಒಕ್ಕಲುಗಳೂ ಇದ್ದವು. ‘ನನಗೆ ಐಪಿ ಪೊಟ್ಟಣವೇ ಬೇಕು, ಆದರೆ ಇಂಥ ವಿಳಾಸದಿಂದ ಬಂದದ್ದು ಮಾತ್ರ’ ಎನ್ನುವವರು. ಅವರಿಗಾಗಿ ಜೆಫ್ರಿ ಮೊಗಲ್, ರಿಚರ್ಡ್ ರಶೀದ್, ಮೈಕೆಲ್ ಅಕ್ಸೆಟ್ಟ ಎಂಬ ಮೂವರು 1987ರಲ್ಲಿ ವಿವರಿಸಿದ ಉಪಾಯ ಚೆನ್ನಾಗಿದೆ. ಪ್ರತಿ ಒಕ್ಕಲೂ ತನಗೆ ಬೇಕಾದದ್ದರ ಲಕ್ಷಣವನ್ನು ಒಂದು ಪುಟ್ಟ ಚೀಟಿಯಲ್ಲಿ, ಕರ್ನಲ್ ಓದಬಲ್ಲ ಭಾಷೆಯಲ್ಲಿ ಬರೆದುಕೊಡಬೇಕು. ಪೊಟ್ಟಣ ಬಂದಾಗ ಕರ್ನಲ್ ಆ ಚೀಟಿಗಳ ಜೊತೆ ತಾಳೆ ನೋಡಿ ಕೊಡುತ್ತದೆ. ಇದರ ಸುಧಾರಿತ ರೂಪವನ್ನು ಬರ್ಕ್ಲಿಯ ಪ್ರಯೋಗಾಲಯದ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್‌ಸನ್ 1992-93ರಲ್ಲಿ ಕೊಟ್ಟರು. ಬಿಪಿಎಫ್ ಎಂಬ ಆ ಹೆಸರು ಇಂದಿನ ಲಿನಕ್ಸ್‌ನಲ್ಲೂ, ಬಹಳ ಬೆಳೆದ ರೂಪದಲ್ಲಿ, ಇದೆ. ತೊಂದರೆ ಒಂದೇ. ಎಂಟು ಚೀಟಿಗಳಿದ್ದರೆ ಪ್ರತಿ ಪೊಟ್ಟಣಕ್ಕೂ ಎಂಟು ಬಾರಿ ‘ಇದು ನಿಮ್ಮದೇ?’ ಎಂದು ಬಾಗಿಲು ತಟ್ಟಬೇಕು. ಎಂಬತ್ತಿದ್ದರೆ?

ಇನ್ನು ಊರಿಗೆಲ್ಲ ಡಂಗುರ ಹಾಕುವ ಪೊಟ್ಟಣಗಳಿವೆ. ಎಲ್ಲ 48 ಬಿಟ್‌ಗಳೂ ಒಂದೇ ಆಗಿರುವ ವಿಳಾಸದ ಪೊಟ್ಟಣ ಬೀದಿಯ ಎಲ್ಲ ಯಂತ್ರಗಳಿಗೂ ಸೇರಿದ್ದು. ಯಂತ್ರದೊಳಗೆ ಬಂದ ಮೇಲೂ ಅದು ಒಬ್ಬರಿಗಿಂತ ಹೆಚ್ಚು ಜನಕ್ಕೆ ಬೇಕಾಗಬಹುದು. ಎಲ್ಲರಿಗೂ ಒಂದೊಂದು ನಕಲು ಮಾಡುತ್ತ ಕೂತರೆ ಹೊತ್ತು ಹೋಗುತ್ತದೆ. ಶಾಲೆಯಲ್ಲಿ ನಾವು ಮಾಡುವುದನ್ನೇ ಕರ್ನಲ್ ಮಾಡುತ್ತದೆ. ಸುತ್ತೋಲೆ ಒಂದೇ ಪ್ರತಿ. ತರಗತಿಯಿಂದ ತರಗತಿಗೆ ಹೋಗುತ್ತದೆ. ಓದಿದವರು ಸಹಿ ಹಾಕುತ್ತಾರೆ. ಕೊನೆಯ ಸಹಿ ಬಿದ್ದ ಮೇಲೆ ಕಡತಕ್ಕೆ. ಯಾರಿಗಾದರೂ ಅದರ ಮೇಲೆ ತಿದ್ದಿ ಬರೆಯಬೇಕಿದ್ದರೆ ಅವರು ಮಾತ್ರ ನಕಲು ಮಾಡಿಕೊಳ್ಳಬೇಕು. ಈ ನಿಯಮ ಮುರಿದು ಒಬ್ಬ ಒಕ್ಕಲು ಮೂಲ ಪ್ರತಿಯನ್ನೇ ತಿದ್ದಿದರೆ ಮುಂದಿನವನಿಗೆ ಸಿಗುವುದು ಸುಳ್ಳು ಸುತ್ತೋಲೆ. ಇಂಥ ದೋಷ ಕಣ್ಣಿಗೆ ಬೀಳುವುದು ಬಹಳ ಕಷ್ಟ.

ಹಂಚುವುದು ಹೀಗಾಯಿತು. ಕಾರ್ಡಿನ ಹೊಂದಾಣಿಕೆಗಳ ಜಗಳ ಬೇರೆಯೇ ಇದೆ. ಸಾಮಾನ್ಯವಾಗಿ ಕಾರ್ಡು ತನ್ನ ವಿಳಾಸಕ್ಕೆ ಬಂದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಆದರೆ ಕಾವಲುಗಾರ ತಂತ್ರಾಂಶ ‘ಬೀದಿಯಲ್ಲಿ ಹೋಗುವುದೆಲ್ಲವನ್ನೂ ಬಿಡು’ ಎಂದು ಕೇಳಬಹುದು. ಕಾರ್ಡಿಗೆ ಇದಕ್ಕಾಗಿ ಇರುವುದು ಒಂದೇ ಗುಂಡಿ. ಒಬ್ಬ ಅದನ್ನು ಒತ್ತಿದ, ಎರಡನೆಯವನೂ ಒತ್ತಿದ. ಮೊದಲಿನವನು ಕೆಲಸ ಮುಗಿಸಿ ಆರಿಸಿ ಹೋದರೆ ಎರಡನೆಯವನ ಕಣ್ಣಿಗೆ ಪಟ್ಟಿ. ಆದ್ದರಿಂದ ಕರ್ನಲ್ ಗುಂಡಿಯನ್ನು ಯಾರ ಕೈಗೂ ಕೊಡದೆ ಲೆಕ್ಕ ಇಟ್ಟುಕೊಳ್ಳುತ್ತದೆ. ಕೇಳಿದವರಿಗೆ ಒಂದು ಕೂಡು, ಬಿಟ್ಟವರಿಗೆ ಒಂದು ಕಳೆ. ಲೆಕ್ಕ ಸೊನ್ನೆಯಾದಾಗ ಮಾತ್ರ ಗುಂಡಿ ಆರಿಸು. ವಠಾರದ ಓಣಿಯ ದೀಪಕ್ಕೂ ಇಂಥದೊಂದು ಲೆಕ್ಕ ಇದ್ದಿದ್ದರೆ ಎಷ್ಟೋ ಮನಸ್ತಾಪ ತಪ್ಪುತ್ತಿತ್ತು. ಗುಂಡಿ ಒತ್ತಿದಾಗ ಬೇರೆಯವರ ಪೊಟ್ಟಣಗಳೂ ಒಳಗೆ ಬರುತ್ತವೆ ಎಂಬುದನ್ನೂ ಗಮನಿಸಿ. ಆಗ ಹಂಚುವವನು ಎಚ್ಚರ ತಪ್ಪಿದರೆ ಒಬ್ಬರ ಕಾಗದ ಇನ್ನೊಬ್ಬರು ಓದಿದಂತೆಯೇ.

ಒಕ್ಕಲುಗಳಲ್ಲಿ ನನಗೆ ಅತ್ಯಂತ ಕುತೂಹಲದ್ದೆನಿಸುವುದು ಡಿಬಗರ್. ಏಕೆಂದರೆ ಅದಕ್ಕೆ ಕಾರ್ಡು ಬೇಕಾಗುವುದು ಮನೆಗೆ ಬೆಂಕಿ ಬಿದ್ದಾಗ. ಕರ್ನಲ್ ಕುಸಿದಿದೆ, ಪರದೆ ಸ್ತಬ್ಧವಾಗಿದೆ. ಏನಾಯಿತೆಂದು ಪಕ್ಕದ ಯಂತ್ರಕ್ಕೆ ನಾಲ್ಕು ಸಾಲು ಕಳಿಸಬೇಕು. ಆದರೆ ಪೊಟ್ಟಣ ಕಳಿಸುವ ಮಾಮೂಲು ದಾರಿ ಹೋಗುವುದೇ ಆ ಕುಸಿದ ಕರ್ನಲ್‌ನ ಮೂಲಕ! ಅದೂ ಅಲ್ಲದೆ, ಕಾರ್ಡನ್ನು ಒಂದು ಕಾಲಕ್ಕೆ ಒಬ್ಬರೇ ಮುಟ್ಟಲಿ ಎಂದು ಅದಕ್ಕೊಂದು ಬೀಗ ಇರುತ್ತದೆ. ಬೀಗ ಹಾಕಿಕೊಂಡು ಒಳಗಿದ್ದವನೇ ಪ್ರಜ್ಞೆ ತಪ್ಪಿದ್ದರೆ? ಡಿಬಗರ್ ಹೊರಗೆ ಕಾಯುತ್ತಲೇ ಇರಬೇಕು. ಒಳಗಿನವನು ಎದ್ದು ಬರುವುದಿಲ್ಲ. ಇದನ್ನೇ ಡೆಡ್‌ಲಾಕ್ ಎನ್ನುವುದು.

ಲಿನಕ್ಸ್‌ನವರು ಇದಕ್ಕೆ ಕಾರ್ಡಿನ ಡ್ರೈವರ್‌ನಲ್ಲೇ ಒಂದು ಹಿತ್ತಿಲ ಬಾಗಿಲು ಇಟ್ಟರು. ಬೇರೆ ಯಾವ ಸೌಕರ್ಯವನ್ನೂ ನೆಚ್ಚದೆ, ಕಾರ್ಡನ್ನು ಮತ್ತೆ ಮತ್ತೆ ಇಣುಕಿ ನೋಡಿ ಕೆಲಸ ಸಾಗಿಸುವ ದಾರಿ ಅದು. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಮೈಕ್ರೋಸಾಫ್ಟ್ ಬೇರೊಂದು ದಾರಿ ಹಿಡಿಯಿತು. ನೆಟ್‌ವರ್ಕ್ ಮೂಲಕ ಡಿಬಗ್ ಮಾಡುವಾಗ ಕಾರ್ಡಿನ ಒಡೆತನವನ್ನು ಡಿಬಗರ್‌ಗೇ ಕೊಟ್ಟುಬಿಡುತ್ತದೆ. ವಿಂಡೋಸ್‌ನ ಉಳಿದ ವ್ಯವಹಾರವೆಲ್ಲ ಡಿಬಗರ್‌ನ ಮೂಲಕ ಹಾದುಹೋಗಬೇಕು. ಮನೆ ಮಾಲೀಕ ತನ್ನ ಮನೆಯಲ್ಲೇ ಬಾಡಿಗೆಗೆ ನಿಂತ ಹಾಗೆ. ವೇಗ ಕಡಿಮೆಯಾಗುತ್ತದೆ, ಆದರೆ ಬೆಂಕಿ ಬಿದ್ದ ದಿನ ಬೀಗದ ಕೈ ಹುಡುಕಬೇಕಾಗಿಲ್ಲ. ಎರಡರಲ್ಲಿ ಇದೇ ಹೆಚ್ಚು ಪ್ರಾಮಾಣಿಕ ದಾರಿ ಎಂದು ನನ್ನ ಅನಿಸಿಕೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಾವಧಾನದ ಕಾಲದ ಸಂಗತಿ. ನೂಕುನುಗ್ಗಲು ಬಂದಾಗ ಏನಾಗುತ್ತದೆ? ಪರೀಕ್ಷೆಯ ಫಲಿತಾಂಶದ ದಿನ ಬೆಳಿಗ್ಗೆ ಲಕ್ಷಾಂತರ ಮಕ್ಕಳು ಒಂದೇ ಕ್ಷಣದಲ್ಲಿ ನೋಂದಣಿ ಸಂಖ್ಯೆ ಒತ್ತುತ್ತಾರೆ. ಎಷ್ಟೋ ಸಲ ಅಂಕವೂ ಬರುವುದಿಲ್ಲ, ಇಲ್ಲವೆಂಬ ಉತ್ತರವೂ ಬರುವುದಿಲ್ಲ. ಸುಮ್ಮನೆ ಒಂದು ಚಕ್ರ ತಿರುಗುತ್ತಿರುತ್ತದೆ. ಆ ಕಡೆಯ ಯಂತ್ರ ಸತ್ತಿದೆಯೇ ಎಂದರೆ ಇಲ್ಲ, ಮೈಮುರಿದು ದುಡಿಯುತ್ತಿರುತ್ತದೆ. ಹಾಗೆ ನಿಲ್ಲಲು ಕಾರಣಗಳು ಹಲವಿರಬಹುದು. ಅವುಗಳಲ್ಲಿ ಒಂದು ನಮ್ಮ ಒಂಟಿ ಬಾಗಿಲಿನದು.

ಇದನ್ನು ಚೊಕ್ಕವಾಗಿ ಅಳೆದು ತೋರಿಸಿದ ಇಬ್ಬರಲ್ಲಿ ಒಬ್ಬರಿಗೆ ನಮ್ಮ ಊರಿನ ನಂಟು ಉಂಟು. ಕೆ.ಕೆ. ರಾಮಕೃಷ್ಣನ್ 1978ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಮುಗಿಸಿದವರು. ಹಳೆಯ ಬೆಂಗಳೂರಿಗರ ಬಾಯಲ್ಲಿ ಈಗಲೂ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿರುವ ಅದೇ ಸಂಸ್ಥೆ. ನಂತರ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1983ರಲ್ಲಿ ಪಿಎಚ್.ಡಿ. ಪಡೆದು, ಡಿಜಿಟಲ್ ಕಂಪನಿಯಲ್ಲಿ, ಆಮೇಲೆ ಎಟಿ ಅಂಡ್ ಟಿಯಲ್ಲಿ ಕೆಲಸ ಮಾಡಿದರು. (ದಾರಿಯಲ್ಲಿ ದಟ್ಟಣೆಯಾದರೆ ಪೊಟ್ಟಣದ ಮೇಲೆ ಒಂದು ಬಿಟ್ ಗುರುತು ಹಾಕಿ ಕಳಿಸುವವರಿಗೆ ಸೂಚನೆ ಕೊಡುವ ಉಪಾಯವೂ ಇವರದೇ, ರಾಜ್ ಜೈನ್ ಅವರ ಜೊತೆಗೂಡಿ. ಜೈನ್ ಅವರೂ ಇದೇ ಸಂಸ್ಥೆಯಲ್ಲಿ ಎಂ.ಇ. ಓದಿದವರು. ಆ ಕಥೆ ಇನ್ನೊಂದು ವಾರಕ್ಕೆ ಇರಲಿ.) ರಾಮಕೃಷ್ಣನ್ ಮತ್ತು ಮೇಲೆ ಹೇಳಿದ ಜೆಫ್ರಿ ಮೊಗಲ್ 1996ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಮೈಲಿಗಲ್ಲು.

ಮೊದಲು ‘ಇಂಟರಪ್ಟ್’ ಏನೆಂದು ತಿಳಿಯಬೇಕು. ಪಾಠ ನಡೆಯುತ್ತಿದೆ. ಅಟೆಂಡರ್ ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ. ಕೈಯಲ್ಲಿ ಸುತ್ತೋಲೆ ಪುಸ್ತಕ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಓದಿ, ಸಹಿ ಹಾಕಿ, ‘ಎಲ್ಲಿದ್ದೆವು?’ ಎಂದು ಮಕ್ಕಳನ್ನು ಕೇಳಿ ಮತ್ತೆ ಶುರು ಮಾಡುತ್ತಾರೆ. ದಿನಕ್ಕೆ ಎರಡು ಸಲವಾದರೆ ಚಿಂತೆಯಿಲ್ಲ. ಪೊಟ್ಟಣ ಬಂದಾಗ ಕಾರ್ಡು ಹೀಗೆಯೇ ಕೆಮ್ಮುತ್ತದೆ. ಸಂಸ್ಕಾರಕ ಕೈಯಲ್ಲಿದ್ದ ಕೆಲಸ ಬಿಟ್ಟು ಪೊಟ್ಟಣವನ್ನು ಎತ್ತಿಕೊಂಡು ಒಳಗಿನ ಸಾಲಿನಲ್ಲಿ ಇಡುತ್ತದೆ. ಕಾರ್ಡಿನ ಕರೆಗೆ ಉಳಿದೆಲ್ಲ ಕೆಲಸಕ್ಕಿಂತ ಮೇಲಿನ ಸ್ಥಾನ.

ಈಗ ಅಟೆಂಡರ್ ನಿಮಿಷಕ್ಕೊಮ್ಮೆ ಬರತೊಡಗಿದರೆ? ಆಮೇಲೆ ಹತ್ತು ಸೆಕೆಂಡಿಗೊಮ್ಮೆ? ಮೇಷ್ಟ್ರು ಸಹಿ ಹಾಕುತ್ತಲೇ ಇರುತ್ತಾರೆ. ಒಂದು ವಾಕ್ಯವೂ ಪಾಠವಾಗುವುದಿಲ್ಲ. ಇನ್ನೂ ಸ್ವಾರಸ್ಯವೆಂದರೆ, ಆ ಸುತ್ತೋಲೆಗಳಲ್ಲಿ ಹೇಳಿದ ಯಾವ ಕೆಲಸವೂ ಆಗುವುದಿಲ್ಲ, ಏಕೆಂದರೆ ಮಾಡುವುದಕ್ಕೆ ಸಮಯವೇ ಇಲ್ಲ. ಮೇಜಿನ ಮೇಲೆ ರಾಶಿ ಬೆಳೆದು ಕೊನೆಗೆ ಹಳೆಯದನ್ನೆಲ್ಲ ಬುಟ್ಟಿಗೆ ಹಾಕಬೇಕು. ಮೊಗಲ್ ಮತ್ತು ರಾಮಕೃಷ್ಣನ್ ಪರೀಕ್ಷಿಸಿದ್ದು ಎರಡು ಈಥರ್‌ನೆಟ್‌ಗಳ ನಡುವೆ ಪೊಟ್ಟಣ ದಾಟಿಸುವ, ಡಿಜಿಟಲ್ ಕಂಪನಿಯ ಒಂದು ಆಲ್ಫಾ ಯಂತ್ರವನ್ನು. ಸೆಕೆಂಡಿಗೆ ಸುಮಾರು 4,700 ಪೊಟ್ಟಣದವರೆಗೆ ಅದು ಸಲೀಸಾಗಿ ದಾಟಿಸಿತು. ಪ್ರತಿ ಪೊಟ್ಟಣವನ್ನೂ ತಪಾಸಣೆ ಮಾಡುವ ಒಂದು ತಂತ್ರಾಂಶವನ್ನು ನಡುವೆ ಇಟ್ಟಾಗ 2,000ಕ್ಕೇ ಏದುಸಿರು. ಸುಮಾರು 6,000ಕ್ಕೆ ಬಂದಾಗ ಆಚೆ ದಡ ಸೇರಿದ ಪೊಟ್ಟಣಗಳ ಸಂಖ್ಯೆ ಸೊನ್ನೆ! ಯಂತ್ರ ನಿಂತಿಲ್ಲ, ಕೆಟ್ಟಿಲ್ಲ. ಪೂರ್ತಿ ದುಡಿಮೆಯೆಲ್ಲ ಒಳಗೆ ತೆಗೆದುಕೊಳ್ಳುವುದಕ್ಕೇ ಖರ್ಚು. ಇದಕ್ಕೆ ಲೈವ್‌ಲಾಕ್ ಎಂದು ಹೆಸರು. ಡೆಡ್‌ಲಾಕ್‌ನಲ್ಲಿ ಎಲ್ಲರೂ ಕಾಯುತ್ತ ಕೂತಿರುತ್ತಾರೆ, ಲೈವ್‌ಲಾಕ್‌ನಲ್ಲಿ ಎಲ್ಲರೂ ಓಡಾಡುತ್ತಿರುತ್ತಾರೆ. ಫಲ ಒಂದೇ.

10 ಮೆಗಾಬಿಟ್‌ನ ಹಳೆಯ ಈಥರ್‌ನೆಟ್ ತಂತಿಯಲ್ಲಿ ಅತಿ ಚಿಕ್ಕ ಪೊಟ್ಟಣಗಳು ಸೆಕೆಂಡಿಗೆ 14,880 ಬರಬಲ್ಲವು. ಲೆಕ್ಕ ಸುಲಭ: 64 ಬೈಟ್‌ನ ಪೊಟ್ಟಣ, ಅದರ ಮುಂದೆ 8 ಬೈಟ್ ಮುನ್ಸೂಚನೆ, ಹಿಂದೆ 12 ಬೈಟ್‌ನಷ್ಟು ಬಿಡುವು, ಒಟ್ಟು 84 ಬೈಟ್, ಅಂದರೆ 672 ಬಿಟ್. ಒಂದು ಕೋಟಿಯನ್ನು 672ರಿಂದ ಭಾಗಿಸಿ ನೋಡಿ. ಈಗ ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿರುವ 10 ಗಿಗಾಬಿಟ್ ಕಾರ್ಡಿನಲ್ಲಿ ಇದರ ಸಾವಿರ ಪಟ್ಟು, ಸೆಕೆಂಡಿಗೆ 1.48 ಕೋಟಿಗೂ ಹೆಚ್ಚು. ಒಂದೊಂದು ಪೊಟ್ಟಣಕ್ಕೆ ಸಿಗುವ ಸಮಯ 67 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ದಾಟುವುದು 20 ಮೀಟರ್, ನಮ್ಮ ನಲವತ್ತು-ಅರವತ್ತರ ಸೈಟಿನ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ಆ ಅವಧಿಯಲ್ಲಿ ಇದು ಯಾರ ಕಾಗದ ಎಂದು ತೀರ್ಮಾನವಾಗಬೇಕು.

ಅವರಿಬ್ಬರ ಪರಿಹಾರ ಯಾವ ಹೆಡ್‌ಮಾಸ್ಟರಿಗಾದರೂ ಅರ್ಥವಾಗುವಂಥದು. ಅಟೆಂಡರ್ ಮೊದಲ ಸಲ ಕೆಮ್ಮಿದಾಗ ಮೇಷ್ಟ್ರು ಸಹಿ ಹಾಕುವುದಿಲ್ಲ. ‘ಬಂದದ್ದು ಗೊತ್ತಾಯಿತು, ಹೊರಗೆ ಬೆಂಚಿನ ಮೇಲೆ ಕೂತಿರು, ಇನ್ನು ಕೆಮ್ಮಬೇಡ’ ಎನ್ನುತ್ತಾರೆ. ಪಾಠದ ಒಂದು ಭಾಗ ಮುಗಿದಾಗ ತಾವೇ ಹೊರಗೆ ಹೋಗಿ ಹತ್ತೋ ಇಪ್ಪತ್ತೋ ಸುತ್ತೋಲೆ ನೋಡುತ್ತಾರೆ. ಇನ್ನೂ ಉಳಿದಿದ್ದರೂ ಅಷ್ಟಕ್ಕೇ ನಿಲ್ಲಿಸಿ ಒಳಗೆ ಬರುತ್ತಾರೆ. ಬೆಂಚು ಖಾಲಿಯಾದ ಮೇಲೆ ಮತ್ತೆ ಕೆಮ್ಮಲು ಅನುಮತಿ. ಎರಡು ಮೂರು ಅಟೆಂಡರುಗಳಿದ್ದರೆ ಸರದಿಯ ಪ್ರಕಾರ ಒಬ್ಬೊಬ್ಬರಿಂದ ಅಷ್ಟಷ್ಟು. ಒಳಗಿನ ಮೇಜು ತುಂಬಿದ್ದರೆ ಹೊಸದನ್ನು ಮುಟ್ಟುವುದೇ ಇಲ್ಲ. ಬೆಂಚು ತುಂಬಿ ಚೆಲ್ಲಿದ್ದು ಅಲ್ಲೇ ಬಿದ್ದುಹೋಗಲಿ.

ಈ ಕೊನೆಯ ಮಾತು ನಿಷ್ಕರುಣೆಯೆನಿಸಬಹುದು. ಆದರೆ ಲೆಕ್ಕ ಹಾಕಿ. ಕಾರ್ಡಿನ ಅಂಗಳದಲ್ಲೇ ಬಿದ್ದುಹೋದ ಪೊಟ್ಟಣದಿಂದ ಸಂಸ್ಕಾರಕಕ್ಕೆ ನಯಾಪೈಸೆ ಖರ್ಚಿಲ್ಲ. ಒಳಗೆ ತಂದು, ಗುರುತು ನೋಡಿ, ಸಾಲಿನಲ್ಲಿ ಇಟ್ಟು, ಆಮೇಲೆ ಜಾಗವಿಲ್ಲವೆಂದು ಎಸೆದರೆ ಅಷ್ಟೂ ದುಡಿಮೆ ದಂಡ, ಜೊತೆಗೆ ಇನ್ನೊಬ್ಬರ ಸಮಯವೂ ಹೋಯಿತು. ಬಸ್ಸಿನಲ್ಲಿ ಜಾಗವಿಲ್ಲದಿದ್ದರೆ ಕಂಡಕ್ಟರ್ ಸ್ಯಾಟಲೈಟ್ ನಿಲ್ದಾಣದಲ್ಲೇ ಹೇಳಬೇಕು. ಕೆಂಗೇರಿ ದಾಟಿದ ಮೇಲೆ ಇಳಿಸಿದರೆ ಯಾರಿಗೆ ಸುಖ? 2000ರ ದಶಕದ ಆರಂಭದಲ್ಲಿ ಲಿನಕ್ಸ್‌ಗೆ ಇದೇ ತತ್ವದ ಮೇಲಿನ ಏರ್ಪಾಡೊಂದು ಬಂತು. ಅದರಲ್ಲಿ ಒಂದು ಸರದಿಗೆ ಮಾಮೂಲು ಮಿತಿ 64 ಪೊಟ್ಟಣ.

ವಠಾರದ ಹೋಲಿಕೆ ಅಕ್ಷರಶಃ ನಿಜವಾಗುವುದು ಈಗಿನ ಬಾಡಿಗೆ ಯಂತ್ರಗಳಲ್ಲಿ. 2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ‘ಜೆನ್’ ಎಂಬ ವ್ಯವಸ್ಥೆ ಪ್ರಕಟಿಸಿದರು. ಒಂದೇ ಯಂತ್ರದಲ್ಲಿ ಹಲವು ಆಪರೇಟಿಂಗ್ ಸಿಸ್ಟಂಗಳು, ತಾನೊಬ್ಬನೇ ಇದ್ದೇನೆ ಎಂಬ ಭ್ರಮೆಯಲ್ಲಿ, ಅಕ್ಕಪಕ್ಕ ನಡೆಯುತ್ತವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ನಿಜವಾದ ಕಾರ್ಡಿನ ಅಧಿಕಾರ. ಉಳಿದವಕ್ಕೆ ಒಂದೊಂದು ಸೋಗಿನ ಕಾರ್ಡು, ಅದಕ್ಕೊಂದು ಸೋಗಿನ 6 ಬೈಟ್ ವಿಳಾಸ. ಒಳಗೆ ಬರುವುದನ್ನು ಆ ವಿಳಾಸ ನೋಡಿ ಹಂಚುತ್ತಾರೆ. ಹೊರಗೆ ಹೋಗುವುದನ್ನೂ ನೋಡಲೇಬೇಕು; ಇಲ್ಲವಾದರೆ ಮೂರನೇ ಮನೆಯವನು ಐದನೇ ಮನೆಯವನ ಹೆಸರಿನಲ್ಲಿ ಕಾಗದ ಬರೆದಾನು. ಎಲ್ಲಕ್ಕಿಂತ ಕಷ್ಟದ್ದು ಪಾಲು. ಒಬ್ಬ ಒಕ್ಕಲಿಗೆ ಬರುವ ಪೊಟ್ಟಣಗಳ ಹೊಳೆಯನ್ನು ವಿಂಗಡಿಸುವುದಕ್ಕೇ ಹಂಚುವವನ ಸಮಯವೆಲ್ಲ ಹೋದರೆ ಪಕ್ಕದವನಿಗೆ ಬಂದ ಒಂದೇ ಒಂದು ಕಾಗದವೂ ತಲುಪುವುದಿಲ್ಲ. ಪಕ್ಕದವನು ಆಸ್ಪತ್ರೆಯ ದಾಖಲೆ ಇಡುವವನಾಗಿರಬಹುದು, ಫಲಿತಾಂಶ ಕೊಡುವವನಾಗಿರಬಹುದು. ಬಾಡಿಗೆ ಸರಿಯಾಗಿ ಕಟ್ಟಿದ್ದಾನೆ, ತಪ್ಪೇನೂ ಮಾಡಿಲ್ಲ, ಸೊರಗುತ್ತಿರುವುದು ಏಕೆಂದು ಅವನಿಗೆ ಗೊತ್ತಾಗುವುದೂ ಇಲ್ಲ. ಅವನ ಕಡೆಯಿಂದ ನೋಡಿದರೆ ಕಾರ್ಡು ಅವನೊಬ್ಬನದೇ ಅಲ್ಲವೆ?

ಟಾಟಾ ಇನ್‌ಸ್ಟಿಟ್ಯೂಟಿನ ಜೆ. ಲಕ್ಷ್ಮಿ ಮತ್ತು ಎಸ್.ಕೆ. ನಂದಿ 2009ರ ಸುಮಾರಿಗೆ ಕೈಹಾಕಿದ್ದು ಈ ಪಾಲಿನ ಪ್ರಶ್ನೆಗೇ. ವಿಂಗಡಣೆಯನ್ನು ಕರ್ನಲ್‌ನ ತಲೆಗೆ ಕಟ್ಟದೆ ಕಾರ್ಡಿಗೇ ಒಕ್ಕಲುಗಳ ಪರಿಚಯ ಇರುವಂತೆ ಮಾಡಿದರೆ ಪ್ರತಿಯೊಬ್ಬರಿಗೂ ಇಷ್ಟು ಎಂದು ಮೊದಲೇ ಎತ್ತಿಡಬಹುದು ಎಂಬುದು ಆ ದಿಕ್ಕಿನ ಆಲೋಚನೆ. ಉದ್ಯಮವೂ ಆ ಕಡೆಗೇ ಹೊರಳುತ್ತಿತ್ತು. 2007ರಲ್ಲಿ ಬಂದ ಎಸ್‌ಆರ್-ಐಒವಿ ಎಂಬ ಮಾನಕದ ಪ್ರಕಾರ ಒಂದು ಕಾರ್ಡು ತನ್ನನ್ನು ಹಲವು ಕಾರ್ಡುಗಳೆಂದು ತೋರಿಸಿಕೊಳ್ಳುತ್ತದೆ. ಕೆಲವು ಕಾರ್ಡುಗಳಲ್ಲಿ ಹೀಗೆ 64ರವರೆಗೆ. ಒಂದೊಂದಕ್ಕೂ ಬೇರೆ ಸಾಲು, ಬೇರೆ ವಿಳಾಸ. ಬೀದಿ ಬಾಗಿಲು ಒಂದೇ ಇದ್ದರೂ ಡಬ್ಬಿ ಮಾತ್ರ ಮನೆಗೊಂದು, ಅಂಚೆಯವನೇ ವಿಂಗಡಿಸಿ ಹಾಕುತ್ತಾನೆ.

ಹಾಗೆಂದು ಮಾಲೀಕನ ಅಧಿಕಾರ ಹೋಗಲಿಲ್ಲ. ಯಾವ ಡಬ್ಬಿಗೆ ಯಾವ ಹೆಸರು, ಯಾರಿಗೆ ಎಷ್ಟು ವೇಗ, ಎಲ್ಲವನ್ನೂ ನೋಡುವ ಗುಂಡಿ ಯಾರಿಗೆ ಎಂಬ ತೀರ್ಮಾನ ಈಗಲೂ ಒಬ್ಬ ಹಿರಿಯ ಕರ್ನಲ್‌ನದೇ. ಕಾರ್ಡಿನಲ್ಲಿರುವ ಡಬ್ಬಿಗಳ ಸಂಖ್ಯೆಗೂ ಮಿತಿಯುಂಟು, ಒಕ್ಕಲು ಅದಕ್ಕಿಂತ ಹೆಚ್ಚಾದರೆ ಮತ್ತೆ ಹಳೆಯ ಪದ್ಧತಿ. ಇನ್ನೊಂದು ತೊಡಕೂ ಇದೆ. ಸೋಗಿನ ಕಾರ್ಡಿನ ಒಕ್ಕಲನ್ನು ನಡೆಯುತ್ತಿರುವಾಗಲೇ ಬೇರೆ ಯಂತ್ರಕ್ಕೆ ಸಾಗಿಸುವುದು ಸುಲಭ. ನಿಜವಾದ ಕಾರ್ಡಿನ ತುಣುಕನ್ನು ಹಿಡಿದುಕೊಂಡಿರುವವನನ್ನು ಹಾಗೆ ಎಬ್ಬಿಸುವುದು ಕಷ್ಟ. ಗೋಡೆಗೆ ಮೊಳೆ ಹೊಡೆದು ಸಂಸಾರ ಹೂಡಿದವರು ಮನೆ ಖಾಲಿ ಮಾಡುವಷ್ಟೇ ರಗಳೆ.

ಮನೆಯಲ್ಲೋ ಶಾಲೆಯಲ್ಲೋ ಲಿನಕ್ಸ್ ಇರುವ ಯಂತ್ರವಿದ್ದರೆ ಈ ಒಕ್ಕಲುಗಳ ಪಟ್ಟಿಯನ್ನು ಕಣ್ಣಾರೆ ನೋಡಬಹುದು. ‘ಪ್ರಾಕ್’ ಎಂಬ ಕೋಶದೊಳಗೆ ‘ನೆಟ್’, ಅದರೊಳಗೆ ‘ಪಿಟೈಪ್’ ಎಂಬ ಕಡತವಿದೆ. ತೆರೆದರೆ ಕೆಲವೇ ಸಾಲು. 0800ರ ಮುಂದೆ ಹಳೆಯ ಐಪಿಯ ಹೆಸರು, 0806ರ ಮುಂದೆ ಎಆರ್‌ಪಿ, 86ಡಿಡಿಯ ಮುಂದೆ ಹೊಸ ಐಪಿ. ಇಷ್ಟನ್ನೂ ಕಾಗದದ ಮೇಲೆ ಗುರುತು ಮಾಡಿಕೊಳ್ಳಿ. ಆಮೇಲೆ ಗೊತ್ತಿರುವ ಹಿರಿಯರ ನೆರವಿನಿಂದ ‘ಟಿಸಿಪಿಡಂಪ್’ ಎಂಬ ಕಾವಲುಗಾರ ತಂತ್ರಾಂಶವನ್ನು ಓಡಿಸಿ, ಅದು ಓಡುತ್ತಿರುವಾಗಲೇ ಅದೇ ಕಡತವನ್ನು ಮತ್ತೊಮ್ಮೆ ತೆರೆಯಿರಿ. ಪಟ್ಟಿಯಲ್ಲಿ ಮೊದಲು ಇಲ್ಲದ ಒಂದು ಸಾಲು ಬಂದಿರುತ್ತದೆ. ಬಗೆಸಂಖ್ಯೆಯ ಜಾಗದಲ್ಲಿ ಸಂಖ್ಯೆಯ ಬದಲು ‘ಆಲ್’ ಎಂದಿರುತ್ತದೆ, ಎಂದರೆ ಎಲ್ಲವೂ ನನಗೆ ಬೇಕು ಎಂದು. ತಂತ್ರಾಂಶವನ್ನು ನಿಲ್ಲಿಸಿ ಮೂರನೆಯ ಸಲ ನೋಡಿ. ಆ ಸಾಲು ಇರುವುದಿಲ್ಲ.